ಬ್ರೊನೆಕ್ ಕೈ ಎತ್ತಿದ ದಿನ

ನಮ್ಮ ಸಾಲುಮನೆಗಳಲ್ಲಿ ಭಾನುವಾರ ಯಾರೂ ಬಟ್ಟೆ ಒಣಹಾಕುತ್ತಿರಲಿಲ್ಲ. ಏಪ್ರಿಲಿನಿಂದ ಆಗಸ್ಟು ಮುಗಿಯುವ ತನಕ ಅದು ಕಟ್ಟಳೆ. ಪಂದ್ಯಕ್ಕೆಂದು ನಸುಕಿನಲ್ಲಿ ದೂರದ ಓರ್ಲೆಯಾನ್ ಊರಿನಲ್ಲಿ ಬುಟ್ಟಿ ತೆರೆದು ಬಿಟ್ಟ ಪಾರಿವಾಳಗಳು ಊಟದ ಹೊತ್ತಿಗೆ ನಮ್ಮ ಗಣಿಯ ಕಪ್ಪು ದಿಬ್ಬ ದಾಟಿ ಬರುತ್ತವೆ. ಅಷ್ಟು ದೂರ ಹಾರಿ ಬಂದ ಹಕ್ಕಿ, ಹಿತ್ತಿಲಲ್ಲಿ ಒಂದು ಬಿಳಿ ದುಪ್ಪಟಿ ಅಲ್ಲಾಡಿದರೆ ಸಾಕು, ಗೂಡಿಗೆ ಇಳಿಯದೆ ಹೊಗೆಗೂಡಿನ ಮೇಲೆ ಕೂತುಬಿಡುತ್ತದೆ. ಅದು ಒಳಗೆ ಬಂದು, ಕಾಲಿನ ರಬ್ಬರ್ ಉಂಗುರವನ್ನು ನಾವು ಬಿಡಿಸಿ ಹೊತ್ತು ಗುರುತಿಸುವ ಗಡಿಯಾರದ ಪೆಟ್ಟಿಗೆಗೆ ಹಾಕುವ ತನಕ, ಪಂದ್ಯದ ಲೆಕ್ಕದಲ್ಲಿ ಆ ಹಕ್ಕಿ ಬಂದೇ ಇಲ್ಲ. ಅದಕ್ಕೇ ಹೆಂಗಸರು ಒಗೆಯುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳುತ್ತಿದ್ದರು, ನಾಯಿಗಳನ್ನು ಒಳಗೆ ಕಟ್ಟುತ್ತಿದ್ದರು. ಮಕ್ಕಳು ಚೆಂಡು ಮುಟ್ಟುವಂತಿರಲಿಲ್ಲ. ನೆರೆಯವನು ಬೇಲಿಯ ಹತ್ತಿರ ಬಂದರೂ ಕೈ ಎತ್ತಿ ಮಾತಾಡಿಸುವಂತಿಲ್ಲ. ಹುಬ್ಬು ಹಾರಿಸಿದರೆ ಅದೇ ನಮಸ್ಕಾರ.

ಬ್ರೊನೆಕ್ ವಾವ್ರಾ ಬೆಳೆದದ್ದು ಈ ಕಟ್ಟಳೆಯೊಳಗೆ. ಪತ್ರಿಕೆಯವರು ಅವನನ್ನು ಬ್ರುನೊ ಎಂದು ಬರೆದರು. ನಮಗೆ ಅವನು ಕೊನೆಯ ತನಕ ಬ್ರೊನೆಕ್. ಅವನ ಅಪ್ಪ ಸ್ತಾನಿಸ್ ಪೋಲೆಂಡಿನಿಂದ ಬಂದವನು. ಹನ್ನೊಂದನೇ ಗಣಿಯಲ್ಲಿ ಸ್ತಾನಿಸನೂ ನಾನೂ ಒಂದೇ ಪಾಳಿಯಲ್ಲಿ ಕಲ್ಲಿದ್ದಲು ಕಡಿದವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಯಾರಾದರೂ ಕೆಮ್ಮಿದರೆ ನನ್ನ ಹೆಂಡತಿ ಯೂಲಾಲಿ ಈ ಕಡೆಯಿಂದ ಯಾರ ಕೆಮ್ಮು ಎಂದು ಹೇಳುತ್ತಿದ್ದಳು.

ವಾರವೆಲ್ಲ ಆ ಹುಡುಗ ನನ್ನ ಕಲ್ಲಿದ್ದಲ ಕೊಟ್ಟಿಗೆಯ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಭಾನುವಾರ ಮಾತ್ರ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದ. ಹಕ್ಕಿ ಕಂಡ ಕೂಡಲೇ ಮಕ್ಕಳ ಕೈ ತಾನಾಗಿ ಮೇಲಕ್ಕೆ ಹೋಗುತ್ತದಲ್ಲ, ಅದಕ್ಕೆ ನಾನು ಅವನಿಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಲು ಹೇಳಿದ್ದೆ. ಹಕ್ಕಿ ಬಂದರೂ ಕಾಣದವನ ಹಾಗೆ ಇರಬೇಕು. ಕರೆದರೆ ಬರುವುದಿಲ್ಲ, ನಂಬಿದರೆ ಬರುತ್ತದೆ. ಅಷ್ಟೇ ನಾನು ಅವನಿಗೆ ಹೇಳಿಕೊಟ್ಟದ್ದು. ಫುಟ್‌ಬಾಲಿನ ವಿಷಯ ನನಗೆ ಏನೂ ಗೊತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ.

ಮುಂದೆ ಬ್ರೊನೆಕ್ ನಮ್ಮ ಊರಿನ ಕ್ಲಬ್ಬಿನಲ್ಲಿ ಗೋಲು ಹೊಡೆಯುವ ಫಾರ್ವರ್ಡ್ ಆದ. ಫಾರ್ವರ್ಡ್ ಎಂದರೆ ಓಡುವವನು ಎಂದು ಜನ ತಿಳಿದಿರುತ್ತಾರೆ. ಬ್ರೊನೆಕ್ ನಿಲ್ಲುತ್ತಿದ್ದ. ಗೋಲಿನ ಮುಂದೆ ಹತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗ ಇವನು ಮನೆಯಿಂದ ಏನೋ ಮರೆತು ಬಂದವನ ಹಾಗೆ ಒಂದು ಕಡೆ ನಿಂತಿರುತ್ತಿದ್ದ. ಅವನನ್ನು ಕಾಯಬೇಕಾದ ಎದುರಾಳಿಗಳು ಮರೆತುಬಿಡುತ್ತಿದ್ದರು. ಚೆಂಡು ಎಲ್ಲರಿಗೂ ಬಡಿದು, ತಿರುಗಿ, ಅವನ ಕಾಲ ಹತ್ತಿರ ಬರುತ್ತಿತ್ತು. ಅವನು ಮುಟ್ಟುತ್ತಿದ್ದ, ಗೋಲು. ಆಮೇಲೆ ಕೈ ಎತ್ತುತ್ತಿರಲಿಲ್ಲ, ಕುಣಿಯುತ್ತಿರಲಿಲ್ಲ. ತಲೆ ತಗ್ಗಿಸಿ ಮೈದಾನದ ನಡುವಿಗೆ ನಡೆದು ಬರುತ್ತಿದ್ದ. ಪ್ಯಾರಿಸ್ಸಿನ ಪತ್ರಿಕೆಗಳು ಅವನಿಗೆ ಕಲ್ಲುಬೊಂಬೆ ಎಂದು ಹೆಸರಿಟ್ಟವು. ಈ ಮನುಷ್ಯನಿಗೆ ಸಂತೋಷವೇ ಆಗುವುದಿಲ್ಲವೇ ಎಂದು ಬರೆದವು. ಅದನ್ನು ಯಾರಾದರೂ ಓದಿ ಹೇಳಿದಾಗ ನಮ್ಮ ಸಾಲಿನವರೆಲ್ಲ ನಗುತ್ತಿದ್ದೆವು. ಗೋಲಾದ ಕೂಡಲೇ ಕೈ ಎತ್ತಿದರೆ ಹಕ್ಕಿ ಇಳಿಯುತ್ತದೆಯೇ?

ಅವನ ಬಾಳು ಅವನ ಕೈಯಲ್ಲಿ ಇರಲಿಲ್ಲ ಎನ್ನುವುದನ್ನು ಮಾತ್ರ ಯಾರೂ ಬರೆಯಲಿಲ್ಲ. ಹದಿನಾಲ್ಕಕ್ಕೆ ಗಣಿಯವರು ಅವನನ್ನು ಮೇಲಿನ ಶೆಡ್ಡಿನಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಹಾಕಿದರು. ಹದಿನೆಂಟಕ್ಕೆ ಕ್ಲಬ್ಬಿನವರು ಬಂದು ಆ ಕೆಲಸ ಬಿಡಿಸಿದರು. ಆಗಿನ ಕಾಲದಲ್ಲಿ ಆಟಗಾರ ಮೂವತ್ತೈದು ತುಂಬುವ ತನಕ ಕ್ಲಬ್ಬಿನ ಸ್ವತ್ತು. ಮಾರಿದರೆ ಹೋಗಬೇಕು, ಇಟ್ಟುಕೊಂಡರೆ ಇರಬೇಕು. ನಮ್ಮ ಕ್ಲಬ್ಬು ಅವನನ್ನು ದಕ್ಷಿಣದ ಸಮುದ್ರತೀರದ ಊರಿಗೆ ಮಾರಿದ್ದು ಅವನಿಗೆ ಗೊತ್ತಾದದ್ದು ಕ್ಷೌರದಂಗಡಿಯಲ್ಲಿ. ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ಬಂದ. ದೇಶದ ತಂಡದ ನೀಲಿ ಅಂಗಿಯನ್ನು ಎರಡು ಸಲ ಹಾಕಿಕೊಂಡ. ಮೂರನೇ ಸಲಕ್ಕೆ ಯಾಕೆ ಕರೆಯಲಿಲ್ಲ ಎಂದು ಯಾರೂ ಹೇಳಲಿಲ್ಲ. ದಕ್ಷಿಣದಲ್ಲಿ ಒಳ್ಳೆಯ ವರ್ಷಗಳನ್ನು ಕಳೆದ. ಅಲ್ಲೇ ಮದುವೆಯಾದ, ಎರಡು ಹೆಣ್ಣುಮಕ್ಕಳಾದವು. ಆಮೇಲೆ ಮಂಡಿ ತಿರುಚಿತು. ಒಂದು ವರ್ಷ ಊರುಗೋಲು. ಗುಣವಾದ ಮೇಲೆ ಅಲ್ಲಿಯವರು, ಇನ್ನು ನಿನ್ನ ದಾರಿ ನೀನು ನೋಡಿಕೋ ಎಂದರು.

ಹಾಗೆ ಅವನು ಹೆಂಡತಿ ಮಕ್ಕಳೊಡನೆ ನಮ್ಮ ಊರಿಗೆ ವಾಪಸಾದ. ಅಷ್ಟರಲ್ಲಿ ನಮ್ಮ ಕ್ಲಬ್ಬು ಎರಡನೇ ದರ್ಜೆಗೆ ಇಳಿದಿತ್ತು. ಸ್ತಾನಿಸ್ ಎದೆಯಲ್ಲಿ ಗಣಿಯ ದೂಳು ಕೂತು ಸತ್ತು ಎರಡು ಚಳಿಗಾಲ ಆಗಿತ್ತು. ಬ್ರೊನೆಕ್ ಚರ್ಚಿನ ಬೀದಿಯಲ್ಲಿ ಮನೆ ಮಾಡಿದರೂ ದಿನಕ್ಕೊಮ್ಮೆ ಅಮ್ಮನನ್ನು ನೋಡಲು ನಮ್ಮ ಸಾಲಿಗೆ ಬರುತ್ತಿದ್ದ.

ಒಂದು ಶುಕ್ರವಾರ ಸಂಜೆ ನಾನು ಪಂದ್ಯಕ್ಕೆ ಹೋಗುವ ಹಕ್ಕಿಗಳನ್ನು ಹಿಡಿದು ಬುಟ್ಟಿಗೆ ಹಾಕುತ್ತಿದ್ದೆ. ಬುಟ್ಟಿಯನ್ನು ಸಾಲಿನ ತುದಿಯಲ್ಲಿದ್ದ ಅಲ್ಸಿದನ ಕೆಫೆಗೆ ಒಯ್ಯಬೇಕು, ಅಲ್ಲಿಂದ ರೈಲು. ಬ್ರೊನೆಕ್ ಬಂದು ಗೂಡಿನ ಬಾಗಿಲಲ್ಲಿ ನಿಂತ. ನನ್ನ ಹಳೆಯ ನೀಲಿ ಗಂಡು ಹಕ್ಕಿ ಬುಟ್ಟಿಯ ಹತ್ತಿರವೇ ಓಡಾಡುತ್ತಿತ್ತು. ನಾನು ಅದನ್ನು ಹಿಡಿಯಲಿಲ್ಲ. ಅದು ನನ್ನ ಕೈಯನ್ನೇ ನೋಡುತ್ತಿತ್ತು.

ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ. ಅದರ ಕಾಲ ಮುಗಿಯಿತು, ಇನ್ನು ಮನೆಯಲ್ಲಿ ಇರಲಿ ಎಂದೆ. ಹೋದ ವಾರವೂ ಅದೇ ಮೊದಲು ಬಂದಿತ್ತು ಎಂದು ಅಲ್ಸಿದ್ ಹೇಳಿದನಲ್ಲ ಎಂದ. ಬಂದದ್ದು ನಿಜ ಎಂದೆ. ಬಂದು ಗೂಡಿನ ಮೇಲೆ ಎರಡು ಸುತ್ತು ಹಾಕಿತು. ಮೊದಲು ಹಾಗೆ ಮಾಡುತ್ತಿರಲಿಲ್ಲ, ಕಲ್ಲು ಬಿದ್ದ ಹಾಗೆ ನೇರ ಬೀಳುತ್ತಿತ್ತು. ತನ್ನ ಮನೆ ಹೌದೋ ಅಲ್ಲವೋ ಎಂದು ಹಕ್ಕಿ ಕೇಳಿಕೊಂಡ ದಿನ ಅದನ್ನು ಬುಟ್ಟಿಗೆ ಹಾಕಬಾರದು.

ಅವನು ಬಗ್ಗಿ ಹಕ್ಕಿಯ ಬೆನ್ನು ಸವರಿದ. ಆಮೇಲೆ ದಕ್ಷಿಣದಲ್ಲಿ ತನ್ನ ಜೊತೆಗಿದ್ದ ಒಬ್ಬ ಆಟಗಾರನ ಸಂಗತಿ ಹೇಳಿದ. ಹೆಸರುವಾಸಿ. ಊರಿನವರು ಅವನ ಹೆಸರನ್ನು ಮಕ್ಕಳಿಗೆ ಇಡುತ್ತಿದ್ದರು. ಆದರೆ ಎರಡು ವರ್ಷ ಹೆಚ್ಚಿಗೆ ಆಡಿದ. ಕೊನೆಗೆ ಅದೇ ಊರಿನವರು ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಸಿಳ್ಳೆ ಹೊಡೆಯತೊಡಗಿದರು. ನಮ್ಮ ಮೈದಾನಗಳಲ್ಲಿ ಸಿಳ್ಳೆ ಮೆಚ್ಚುಗೆಯಲ್ಲ, ಛೀಮಾರಿ. ಆ ಮನುಷ್ಯ ಈಗ ಊರಲ್ಲಿ ಸಂತೆಯ ದಿನ ಹೊರಗೆ ಬರುವುದಿಲ್ಲವಂತೆ.

"ನನ್ನನ್ನ ಗಣಿಗೆ ಹಾಕ್ದೋರು ಬೇರೆಯೋರು, ತೆಗೆದೋರು ಬೇರೆಯೋರು, ಮಾರ್ದೋರು ಬೇರೆಯೋರು," ಎಂದ. "ನಿಲ್ಸೋದೊಂದಾದ್ರೂ ನಾನೇ ಮಾಡ್ಬೇಕು ಮಾವ. ನಮ್ಮೋರ ಬಾಯಲ್ಲಿ ಸಿಳ್ಳೆ ಬರೋಕೆ ಮುಂಚೆ. ಆದ್ರೆ ಯಾವಾಗ ಅಂತ ನಂಗೆ ಗೊತ್ತಾಗಲ್ಲ. ಡಾಕ್ಟ್ರು ಮಂಡಿ ನೋಡ್ತಾರೆ, ಕೋಚು ಗೋಲು ಎಣಿಸ್ತಾನೆ. ನೀವು ಹೇಳಿ."

"ನಂಗೆ ಫುಟ್‌ಬಾಲ್ ಏನ್ ಗೊತ್ತು ಮಗಾ?"

"ಗೊತ್ತಿಲ್ಲ ಅಂತಾನೇ ಕೇಳ್ತಿರೋದು. ನೀವು ನನ್ನನ್ನ ನೋಡ್ತೀರ, ಆಟ ನೋಡಲ್ಲ. ನಾನು ಬೇಡ ಅಂದ್ರೂ ಹೇಳಿ. ಮಾತು ಕೊಡಿ."

ಕೊಟ್ಟೆ. ಬುಟ್ಟಿ ಎತ್ತಿಕೊಂಡು ಇಬ್ಬರೂ ಅಲ್ಸಿದನ ಕೆಫೆಗೆ ಹೋದೆವು.

ಎರಡು ವರ್ಷ ನಾನು ಹೇಳಬೇಕಾದ್ದು ಏನೂ ಇರಲಿಲ್ಲ. ನಮ್ಮೂರ ಮೈದಾನದಲ್ಲಿ ಆಟವಿದ್ದ ಭಾನುವಾರ ನಾನು ಅಲ್ಸಿದನ ಪಕ್ಕ, ಕರಿದ ಆಲೂಗಡ್ಡೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಅಲ್ಸಿದ್ ಕೆಫೆಯ ಯಜಮಾನ, ಕ್ಲಬ್ಬಿನ ಅಭಿಮಾನಿಗಳ ಮುಂದಾಳು, ಪಾರಿವಾಳದಲ್ಲಿ ನನ್ನ ಎದುರಾಳಿ. ಅವನ ಗಂಟಲು ಗಣಿಯ ಸೈರನ್ನಿಗಿಂತ ಜೋರು. ಅವನು ಚೆಂಡನ್ನು ನೋಡಿ ಕೂಗುತ್ತಿದ್ದ, ನಾನು ಬ್ರೊನೆಕನನ್ನು ನೋಡುತ್ತಾ ಸುಮ್ಮನಿರುತ್ತಿದ್ದೆ. ಬ್ರೊನೆಕ್ ಮೊದಲಿನಷ್ಟು ವೇಗವಾಗಿ ತಿರುಗುತ್ತಿರಲಿಲ್ಲ, ಬಿದ್ದರೆ ನಿಧಾನವಾಗಿ ಏಳುತ್ತಿದ್ದ. ಅದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ನಿಲ್ಲುವುದು ಮೊದಲಿನ ಹಾಗೇ ನಿಲ್ಲುತ್ತಿದ್ದ.

ಮೂರನೇ ವರ್ಷದ ಶರತ್ಕಾಲ. ಆ ವರ್ಷ ನಮ್ಮ ತಂಡ ಚೆನ್ನಾಗಿ ಆಡುತ್ತಿತ್ತು, ಮೇಲಿನ ದರ್ಜೆಗೆ ಏರುವ ಆಸೆ ಎಲ್ಲರಿಗೂ ಹತ್ತಿತ್ತು. ಹನ್ನೊಂದನೇ ಗಣಿಯನ್ನು ಬರುವ ವರ್ಷ ಮುಚ್ಚುತ್ತಾರೆ ಎಂಬ ಸುದ್ದಿಯೂ ಆಗಲೇ ಬಂತು. ಗಂಡಸರಿಗೆ ಮಾತಾಡಲು ಬೇರೆ ಒಳ್ಳೆಯ ವಿಷಯ ಇರಲಿಲ್ಲ. ಒಂದು ಮಂಜಿನ ಭಾನುವಾರ, ಯಾವುದೋ ಬಂದರಿನ ಊರಿನ ತಂಡದ ಮೇಲೆ ಆಟ. ಆಟ ಅರ್ಧ ಮುಗಿದಿರಬೇಕು. ಬ್ರೊನೆಕ್ ಬಲಗೈ ಎತ್ತಿದ. ಚೆಂಡು ನನಗೆ ಕೊಡಿ ಎಂದು ಕರೆದ.

ನಾನು ತಿನ್ನುವುದನ್ನು ನಿಲ್ಲಿಸಿದೆ. ಅವನು ಅಷ್ಟು ವರ್ಷದಲ್ಲಿ ಚೆಂಡನ್ನು ಕರೆದದ್ದು ನಾನು ನೋಡಿರಲಿಲ್ಲ.

ಅದರ ಮುಂದಿನ ಆಟದಲ್ಲಿ ಎರಡೂ ಕೈ. ಕ್ರಿಸ್‌ಮಸ್ ಬರುವ ಹೊತ್ತಿಗೆ ಅವನು ಮೈದಾನವಿಡೀ ಕೈ ಬೀಸುತ್ತಾ ಓಡಾಡುತ್ತಿದ್ದ. ಇಲ್ಲಿ ಕೊಡು, ಅಲ್ಲಿ ಹೋಗು. ಅಲ್ಸಿದನಿಗೆ ಅದು ಬಹಳ ಹಿಡಿಸಿತು. ನೋಡಿ, ಕಲ್ಲುಬೊಂಬೆಗೆ ಈಗ ಜೀವ ಬಂತು, ಈಗ ನಿಜವಾದ ನಾಯಕನಾದ ಎಂದು ಸುತ್ತಲಿನವರಿಗೆಲ್ಲ ಹೇಳಿದ. ಎಲ್ಲರೂ ಹೌದೆಂದರು. ಹಾಗೆ ಕಂಡದ್ದರಲ್ಲಿ ತಪ್ಪಿಲ್ಲ. ಗೋಲುಗಳೂ ಬರುತ್ತಿದ್ದವು. ಆದರೆ ಈಗ ಅವನನ್ನು ಯಾರೂ ಮರೆಯುತ್ತಿರಲಿಲ್ಲ. ಅವನು ಎಲ್ಲಿದ್ದಾನೆಂದು ಅವನ ಕೈಯೇ ಎದುರಾಳಿಗಳಿಗೆ ತೋರಿಸುತ್ತಿತ್ತು.

ನಾನು ಎಷ್ಟೋ ವಾರ ಬಾಯಿ ಬಿಡಲಿಲ್ಲ. ನನ್ನ ಕಣ್ಣಿನದೇ ತಪ್ಪಿರಬಹುದು ಎಂದುಕೊಂಡೆ. ಹಕ್ಕಿಗೂ ಮನುಷ್ಯನಿಗೂ ಹೋಲಿಕೆ ಎಲ್ಲಿಯ ತನಕ ಸರಿ? ಊರು ಇರುವ ಸ್ಥಿತಿಯಲ್ಲಿ ನಾನು ಹೋಗಿ, ನಿಲ್ಲಿಸು ಎಂದರೆ, ಅವನು ನಿಲ್ಲಿಸಿಬಿಟ್ಟರೆ? ಸಂಜೆ ಕೆಲಸ ಮುಗಿಸಿ ಬರುವ ಗಂಡಸರ ಮುಖ ನನಗೆ ಕಾಣುತ್ತಿತ್ತು. ಯೂಲಾಲಿಗೆ ಎಲ್ಲ ಹೇಳಿದ್ದೆ. ಅವಳು ಒಂದು ಸಂಜೆ ತಟ್ಟೆ ಇಡುತ್ತಾ ನನ್ನನ್ನು ದಿಟ್ಟಿಸಿದಳು.

"ಸೂಪು ತಣ್ಣಗಾಗಿದೆ ಅಂತ ಹೇಳೋಕೆ ನಿಂಗೆ ನಾಲಿಗೆ ಚೆನ್ನಾಗಿ ಹೊರಳತ್ತೆ ಮುದುಕಾ. ಮಾತು ಕೊಟ್ಟದ್ದು ಹೇಳೋಕೆ ಏನಾಗಿದೆ?"

"ನಾನು ಹೇಳಿದ್ದು ತಪ್ಪಾದ್ರೆ?"

"ತಪ್ಪಾದ್ರೆ ಅವ್ನೇ ನಗ್ತಾನೆ. ಸರಿಯಾಗಿದ್ದೂ ಹೇಳ್ದೆ ಇದ್ರೆ? ಆಗ ಸಿಳ್ಳೆ ಹೊಡೆಯೋರಲ್ಲಿ ಮೊದಲನೆಯೋನು ನೀನೇ."

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಬ್ರೊನೆಕ್ ಅಮ್ಮನ ಹಿತ್ತಿಲಲ್ಲಿ ಹೆಪ್ಪುಗಟ್ಟಿದ ಮಣ್ಣಿನಿಂದ ಚಳಿಗಾಲದಲ್ಲೂ ಉಳಿಯುವ ಈರುಳ್ಳಿಸೊಪ್ಪು ಕೀಳುತ್ತಿದ್ದ. ನಾನು ಬೇಲಿಯ ಈ ಕಡೆ ನಿಂತೆ. ಹವಾಮಾನದ ಮಾತಾಡಿದೆವು, ಅವನ ಅಮ್ಮನ ಕಾಲುನೋವಿನ ಮಾತಾಡಿದೆವು. ಆಮೇಲೆ ಹೇಳಿದೆ.

"ಮಗಾ, ನೀನು ಸುತ್ತು ಹಾಕ್ತಿದೀಯ."

ಅವನಿಗೆ ಕೂಡಲೇ ಅರ್ಥವಾಯಿತು. ಗುದ್ದಲಿಯನ್ನು ನೆಲಕ್ಕೆ ಊರಿ ನಿಂತ. ಏನು ನೋಡಿದಿರಿ ಎಂದು ಕೇಳಿದ. ಕೈ ಎತ್ತಿದ್ದನ್ನು ಹೇಳಿದೆ. ಅವನ ಮುಖ ಕೆಂಪಾಯಿತು. ಈ ವರ್ಷ ತಾನು ಹೊಡೆದ ಗೋಲುಗಳು ಎಷ್ಟು ಗೊತ್ತೇ ಎಂದ. ಗೊತ್ತಿಲ್ಲ ಎಂದೆ. ಜೊತೆಗಿರುವವರು ಹೊಸಬರು, ಅವರಿಗೆ ದಾರಿ ತೋರಿಸಬೇಕು, ಅದಕ್ಕೇ ಕೈ ಎತ್ತುತ್ತೇನೆ ಎಂದ. ಇರಬಹುದು ಎಂದೆ.

"ನಾನು ಪಾರಿವಾಳ ಅಲ್ಲ ಮಾವ."

"ಅಲ್ಲ."

"ಇನ್ನು ಮೂರು ತಿಂಗಳು. ನಾವು ಮೇಲೆ ಹೋಗ್ತೀವಿ. ಈಗ ಬಂದು ಹೇಳ್ತಿದೀರಲ್ಲ."

"ಹೇಳಿ ಅಂತ ನೀನೇ ಅಂದಿದ್ದೆ, ಹೇಳ್ದೆ. ಮಾಡೋದು ಬಿಡೋದು ನಿಂದು."

ಅವನು ಮತ್ತೆ ಬಗ್ಗಿ ಅಗೆಯತೊಡಗಿದ. ನಾನು ಒಳಗೆ ಬಂದೆ. ಇನ್ನೊಮ್ಮೆ ಹೇಳಬಾರದು ಎಂದು ನಿರ್ಧರಿಸಿದ್ದೆ. ಇಳಿಯಲು ಮನಸ್ಸಿಲ್ಲದ ಹಕ್ಕಿಗೆ ಕಾಳಿನ ಡಬ್ಬಿ ಎರಡನೇ ಸಲ ಅಲ್ಲಾಡಿಸಿದರೆ ಅದು ಇನ್ನೂ ದೂರ ಹೋಗುತ್ತದೆ.

ಕೋಪದಲ್ಲಿ ಅವನು ಆ ಮಾತನ್ನು ಅಲ್ಸಿದನಿಗೆ ಹೇಳಿದನೆಂದು ಕಾಣುತ್ತದೆ. ಮುಂದಿನ ಭಾನುವಾರ ನಾನು ಮೈದಾನಕ್ಕೆ ಹೋಗುವ ಹೊತ್ತಿಗೆ ನಮ್ಮ ಸಾಲಿನವರೆಲ್ಲರ ತುಟಿಯಲ್ಲೂ ಒಂದು ನಗು. ಇವತ್ತು ಯಾವ ಹಕ್ಕಿಯ ರೆಕ್ಕೆ ಕತ್ತರಿಸಲು ಬಂದೆ ಎಂದು ಒಬ್ಬ ಕೇಳಿದ. ಅಲ್ಸಿದ್ ತನ್ನ ಪಕ್ಕದ ಜಾಗವನ್ನು ಕರವಸ್ತ್ರದಿಂದ ಒರೆಸಿ, ಬನ್ನಿ ತಜ್ಞರೇ ಎಂದು ಕೂರಿಸಿದ. ನಾನು ಕೂತೆ. ಪೊಟ್ಟಣ ಬಿಚ್ಚಿದೆ.

ಆ ದಿನ ಬ್ರೊನೆಕ್ ಎರಡು ಗೋಲು ಹೊಡೆದ. ಎರಡನೆಯದು ಆದ ಕೂಡಲೇ ಎರಡೂ ಕೈಯನ್ನು ಆಕಾಶಕ್ಕೆ ಎತ್ತಿ, ಬಾಯಿ ತೆರೆದು, ನಾವು ಕೂತ ಕಡೆಗೇ ಓಡಿ ಬಂದ. ಕಣ್ಣಲ್ಲಿ ನನ್ನನ್ನೇ ಹುಡುಕುತ್ತಿದ್ದ. ನಾನು ಸಿಕ್ಕಿದೆ. ಸುತ್ತ ಇದ್ದವರೆಲ್ಲ ಎದ್ದು ನನ್ನ ಕಡೆ ತಿರುಗಿ ನಗುತ್ತಿದ್ದರು. ಅಲ್ಸಿದ್ ನನ್ನ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದನೆಂದರೆ ಆಲೂಗಡ್ಡೆ ಮುಂದಿನವನ ಟೋಪಿಯ ಮೇಲೆ ಬಿತ್ತು.

"ಏನಪ್ಪಾ ಫ್ಲೋರಿಮೊಂ, ಮುದಿ ಹಕ್ಕಿ ಮನೆ ಸೇರ್ತಲ್ಲ! ಉಂಗುರ ಬಿಚ್ಚೋ!"

ನಾನೂ ಚಪ್ಪಾಳೆ ತಟ್ಟಿದೆ. ನನ್ನ ಮಾತು ಸುಳ್ಳಾಯಿತು ಎಂದರೆ ಅದಕ್ಕಿಂತ ಒಳ್ಳೆಯದು ಏನಿತ್ತು? ಮನೆಗೆ ಬಂದು ಯೂಲಾಲಿಗೆ, ನೀನು ಹೇಳಿದ ಹಾಗೆ ಅವನು ನಕ್ಕ ಎಂದೆ. ಅವಳಿಗೂ ಸಮಾಧಾನವಾಯಿತು.

ಮಂಗಳವಾರ ಸಂಜೆ ಅವನು ಬಂದ. ಯೂಲಾಲಿ ಚಿಕೋರಿ ಬೆರೆಸಿದ ಕಾಫಿ ಬಗ್ಗಿಸಿ ಮುಂದಿಟ್ಟಳು. ಅವನು ಅದನ್ನು ಮುಟ್ಟದೆ, ಕೋಟಿನ ಒಳಗಿಂದ ಊರ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದ. ಅರ್ಧ ಪುಟದ ಚಿತ್ರ: ಎರಡೂ ಕೈ ಮೇಲೆ, ಬಾಯಿ ತೆರೆದ ಬ್ರೊನೆಕ್, ಹಿಂದೆ ನೆಲದಲ್ಲಿ ಬಿದ್ದ ಗೋಲ್‌ಕೀಪರ್. ಯೂಲಾಲಿ ಕನ್ನಡಕ ಹಾಕಿಕೊಂಡು ನೋಡಿ, ಚೆನ್ನಾಗಿ ಬಂದಿದೀಯ ಮಗಾ, ನಿಮ್ಮಮ್ಮನಿಗೆ ಕಟ್ಟು ಹಾಕಿಸಿ ಕೊಡು ಎಂದಳು.

"ಅತ್ತೆ, ಮೊದಲ್ನೇ ಗೋಲು ಆ ಗೋಲ್‌ಕೀಪರ್ ಕೈ ಜಾರಿ ಹೋಯ್ತು. ಎರಡನೇದು ನನ್ನ ಬೆನ್ನಿಗೆ ಬಡಿದು ಒಳಗೆ ಹೋಯ್ತು. ನಾನು ನೋಡ್ಲೂ ಇಲ್ಲ."

"ಗೋಲು ಗೋಲೇ ಅಲ್ವೇನೋ?"

"ಗೋಲೇ." ಅವನು ಚಿತ್ರದಲ್ಲಿದ್ದ ತನ್ನ ಕೈಯ ಮೇಲೆ ಬೆರಳಿಟ್ಟ. "ನಾನು ಹೊಡ್ದಿದ್ದಕ್ಕೆ ಯಾವತ್ತೂ ಎತ್ಲಿಲ್ಲ. ಹೊಡೀದೆ ಇರೋದಕ್ಕೆ ಎತ್ತಿದೀನಿ. ಯಾಕೆ ಗೊತ್ತಾ ಮಾವ? ಆಶ್ಚರ್ಯ ಆಗ್ಬಿಟ್ಟಿತ್ತು. ಅಯ್ಯೋ, ಗೋಲಾಯ್ತಲ್ಲ ಅಂತ. ಮೊದಲು ಆಗತ್ತೆ ಅಂತ ಗೊತ್ತಿರ್ತಿತ್ತು."

ಗೋಡೆಯ ಆ ಕಡೆ ಅವನ ಅಮ್ಮ ಒಲೆಗೆ ಕಲ್ಲಿದ್ದಲು ಹಾಕುವ ಸದ್ದು ಕೇಳಿಸುತ್ತಿತ್ತು.

ಆಮೇಲೆ ಅವನು ಕಾಫಿ ಕುಡಿದ. ಪತ್ರಿಕೆಯನ್ನು ಮಡಿಸಿ, ಒಲೆ ಹೊತ್ತಿಸಲು ಇಟ್ಟುಕೊಳ್ಳಿ ಎಂದು ಯೂಲಾಲಿಗೆ ಕೊಟ್ಟ. ಅವಳು ಅದನ್ನು ಒಲೆಗೆ ಹಾಕಲಿಲ್ಲ, ಹಾಸಿಗೆಯ ಕೆಳಗೆ ಇಟ್ಟಳು. ಬುಧವಾರ ಬೆಳಗ್ಗೆ ಬ್ರೊನೆಕ್ ಕ್ಲಬ್ಬಿಗೆ ಹೋಗಿ, ಮಾರ್ಚಿನಲ್ಲಿ ನಮ್ಮೂರ ಮೈದಾನದಲ್ಲಿ ನಡೆಯುವ ಆಟವೇ ತನ್ನ ಕೊನೆಯದು ಎಂದು ಹೇಳಿಬಿಟ್ಟ. ಅವರು ಬೇಡಿದರು, ಗದರಿದರು, ಊರಿನ ಹೆಸರು ಹೇಳಿದರು. ಅವನು ಬಾಗಿಲ ಹತ್ತಿರ ಟೋಪಿ ಹಿಡಿದುಕೊಂಡು, ಮುಗಿಯುವ ತನಕ ಕೇಳಿಸಿಕೊಂಡು, ನಮಸ್ಕಾರ ಹೇಳಿ ಬಂದನಂತೆ.

ಊರು ಮುನಿಸಿಕೊಂಡಿತು. ಬ್ರೊನೆಕ್ ಮೇಲೆ ಅರ್ಧ, ನನ್ನ ಮೇಲೆ ಉಳಿದದ್ದು. ಅಲ್ಸಿದ್ ನನ್ನೊಡನೆ ಮಾತು ಬಿಟ್ಟ. ಕೆಫೆಗೆ ಹೋದರೆ ಬಿಯರಿನ ಲೋಟ ನನ್ನ ಮುಂದೆ ಬರುತ್ತಿತ್ತು, ಅದರ ಜೊತೆ ಒಂದು ಮಾತೂ ಬರುತ್ತಿರಲಿಲ್ಲ. ಅಲ್ಸಿದ್ ಮಾತಾಡದೆ ಇರುವುದು ಎಂದರೆ ಗಣಿಯಲ್ಲಿ ಗಾಳಿಯ ಯಂತ್ರ ನಿಂತ ಹಾಗೆ. ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ಮಾರ್ಚಿನಲ್ಲಿ ಬ್ರೊನೆಕನಿಗೆ ಸಿಳ್ಳೆ ಬೀಳುವುದು ಖಂಡಿತ ಎಂದು ಯೂಲಾಲಿ ಸಂತೆಯಿಂದ ಸುದ್ದಿ ತಂದಳು. ಯಾವುದನ್ನು ತಪ್ಪಿಸಲು ಅವನು ನನ್ನನ್ನು ಕೇಳಿದ್ದನೋ ಅದನ್ನೇ ನಾನು ತಂದಿಟ್ಟೆನೇ ಎಂಬ ಭಯ ನನಗೆ ಹಿಡಿಯಿತು. ಬ್ರೊನೆಕನಿಗೆ ಸುದ್ದಿ ಗೊತ್ತಿತ್ತು, ಆದರೂ ಅಮ್ಮನನ್ನು ನೋಡಲು ದಿನವೂ ಬರುತ್ತಿದ್ದ.

ಆ ಭಾನುವಾರ ಜಿನುಗು ಮಳೆ. ಮೈದಾನ ತುಂಬಿತ್ತು. ಅವನು ಒಳಗೆ ಬಂದಾಗ ಜನ ಚಪ್ಪಾಳೆ ತಟ್ಟಲಿಲ್ಲ, ಸಿಳ್ಳೆಯನ್ನೂ ಹೊಡೆಯಲಿಲ್ಲ; ಕಾಯುತ್ತಿದ್ದರು. ಅಲ್ಸಿದ್ ನನ್ನಿಂದ ನಾಲ್ಕು ಜನರ ಆಚೆ ಕೂತಿದ್ದ.

ಬ್ರೊನೆಕ್ ನಿಂತ. ಮೊದಲಿನ ಹಾಗೆ. ಕೈ ಎರಡೂ ಕೆಳಗೆ. ಚೆಂಡು ಅವನ ಕಡೆ ಬರಲಿಲ್ಲ. ಜೊತೆಯವರಿಗೆ ಕೈ ನೋಡಿ ಕೊಡುವುದು ಅಭ್ಯಾಸವಾಗಿತ್ತು, ಕೈ ಇಲ್ಲದ ಕಡೆ ಕೊಡಲು ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ಅವನು ಮಳೆಯಲ್ಲಿ ಸುಮ್ಮನೆ ನೆನೆದ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆಗೆ ಬೆರಳನ್ನು ಬಾಯಿಗಿಟ್ಟುಕೊಂಡದ್ದು ನನಗೆ ಕಾಣಿಸಿತು. ಅಲ್ಸಿದನೂ ತಿರುಗಿ ಅವನನ್ನು ನೋಡಿದ. ಹುಬ್ಬು ಮಾತ್ರ ಹಾರಿಸಿದ. ಭಾನುವಾರ ನಮ್ಮ ಹಿತ್ತಿಲುಗಳಲ್ಲಿ ಸದ್ದು ಮಾಡುವವನಿಗೆ ಹೇಗೆ ಹಾರಿಸುತ್ತೇವೋ ಹಾಗೆ. ಆ ಮನುಷ್ಯ ಬೆರಳು ತೆಗೆದ.

ಆಟ ಮುಗಿಯುವ ಹೊತ್ತಿಗೆ ಎಡಗಡೆಯಿಂದ ಒಂದು ಚೆಂಡು ಬಂತು. ಕಾಯುವವರು ಬ್ರೊನೆಕನನ್ನು ಆ ವೇಳೆಗೆ ಮರೆತಿದ್ದರು. ಚೆಂಡು ಅವನ ಕಾಲಿಗೆ ಬಂತು. ಅವನು ಅದನ್ನು ಗೋಲಿಗೆ ಹೊಡೆಯಲಿಲ್ಲ. ಪಾದದ ಬದಿಯಿಂದ ಸ್ವಲ್ಪ ಸರಿಸಿದ, ಅಷ್ಟೇ. ಹಿಂದಿನಿಂದ ಓಡಿ ಬಂದ ಹೊಸ ಆಟಗಾರ ಅದನ್ನು ಒಳಗೆ ಹಾಕಿದ. ಎಲ್ಲರೂ ಆ ಹೊಸಬನ ಮೇಲೆ ಮುಗಿಬಿದ್ದರು. ಬ್ರೊನೆಕ್ ತಲೆ ತಗ್ಗಿಸಿ ಮೈದಾನದ ನಡುವಿಗೆ ನಡೆದ.

ಆಟ ಮುಗಿದ ಮೇಲೆ ಅವನು ಕುಂಟುತ್ತಾ ಒಳಗೆ ಹೋದ. ಜನ ಹಾಗೇ ನೋಡಿದರು. ಹಾಡು ಇಲ್ಲ, ಹೂವು ಇಲ್ಲ. ಮುನಿಸು ಮುನಿಸೇ. ಆದರೆ ಸಿಳ್ಳೆ ಬರಲಿಲ್ಲ. ಅವನು ಕೇಳಿದ್ದು ಅಷ್ಟನ್ನೇ.

ಆ ವರ್ಷ ನಮ್ಮ ತಂಡ ಮೇಲೆ ಹೋಗಲಿಲ್ಲ. ಅವನಿದ್ದಿದ್ದರೆ ಹೋಗುತ್ತಿತ್ತೋ ಇಲ್ಲವೋ ಎಂದು ಈಗಲೂ ವಾದ ಮಾಡುವವರಿದ್ದಾರೆ. ನನಗೆ ಗೊತ್ತಿಲ್ಲ. ಹೇಳಿದ ಹೊತ್ತಿಗೇ ಗಣಿ ಮುಚ್ಚಿತು.

ಜೂನಿನ ಒಂದು ಭಾನುವಾರ. ಬೂರ್ಜ್ ಊರಿನಿಂದ ಬಿಟ್ಟ ಪಾರಿವಾಳಗಳ ಪಂದ್ಯ. ನಾನು ಬೆಂಚಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ಬ್ರೊನೆಕ್. ಅವನಿಗೆ ಈಗ ಭಾನುವಾರ ಬೇರೆ ಕೆಲಸವಿರಲಿಲ್ಲ. ನನ್ನ ಹಕ್ಕಿಗಳು ಇನ್ನೂ ಬಂದಿರಲಿಲ್ಲ. ಕಪ್ಪು ದಿಬ್ಬದ ಕಡೆಯಿಂದ ಒಂದೇ ಒಂದು ಹಕ್ಕಿ ಬಂದು, ದಣಿದು, ನನ್ನ ಹೊಗೆಗೂಡಿನ ಮೇಲೆ ಕೂತಿತು. ನನ್ನದಲ್ಲ. ಕುತ್ತಿಗೆಯಲ್ಲಿ ಬಿಳಿ ಮಚ್ಚೆ, ಅಲ್ಸಿದನದು.

ಅಲ್ಸಿದ್ ಅದನ್ನು ತನ್ನ ಹಿತ್ತಿಲಿಂದ ನೋಡಿದ್ದ. ಬೇಲಿಗಳ ಪಕ್ಕದ ಕಾಲುದಾರಿಯಲ್ಲಿ, ಅಂಥ ದಪ್ಪ ಮನುಷ್ಯ, ತುದಿಗಾಲಿನಲ್ಲಿ ಬಂದ. ಬಂದು ನಿಂತ. ಕೂಗುವಂತಿಲ್ಲ, ಕೈ ಬೀಸುವಂತಿಲ್ಲ, ನನ್ನನ್ನು ಬೈಯುವಂತೆಯೂ ಇಲ್ಲ. ಹಕ್ಕಿ ರೆಕ್ಕೆ ಕೊಕ್ಕಿನಲ್ಲಿ ಸರಿ ಮಾಡಿಕೊಳ್ಳುತ್ತಿತ್ತು. ಅಲ್ಸಿದನ ಹಣೆಯಿಂದ ಬೆವರು ಇಳಿಯಿತು. ನಾನು ಬೆಂಚಿನ ಮೇಲೆ ಸ್ವಲ್ಪ ಸರಿದೆ. ಅವನು ಕೂತ. ಫೆಬ್ರವರಿಯಿಂದ ಈಚೆಗೆ ಅವನು ನನ್ನ ಪಕ್ಕ ಕೂತದ್ದು ಅದೇ ಮೊದಲು. ಮೂವರೂ ಹಾಗೇ ಕೂತಿದ್ದೆವು.

ಎಷ್ಟೋ ಹೊತ್ತಾದ ಮೇಲೆ ಬ್ರೊನೆಕ್ ಕಾಲು ಚಾಚಲು ನೋಡಿದ. ಅವನ ಮಂಡಿ ಒಣಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು. ಹಕ್ಕಿ ಬೆಚ್ಚಿ ಎದ್ದು, ಸಾಲುಮನೆಗಳ ಮೇಲಿಂದ ನೇರ ಹಾರಿ, ಅಲ್ಸಿದನ ಗೂಡ ಮೇಲೆ ಕಲ್ಲಿನ ಹಾಗೆ ಬಿತ್ತು.

ಅಲ್ಸಿದ್ ಎದ್ದವನು ಉಂಗುರ ಬಿಡಿಸಲು ಓಡಬೇಕಿತ್ತು. ಓಡಲಿಲ್ಲ. ಬ್ರೊನೆಕನ ಮಂಡಿಯನ್ನು ನೋಡಿದ.

"ನಿನ್ನ ಕೊನೇ ಪಾಸು ಮಾರ್ಚಿಂದಲ್ಲ ಕಣೋ," ಎಂದು ಪಿಸುಗುಟ್ಟಿದ. "ಇದು." ಆಮೇಲೆ ನನ್ನ ಕಡೆ ತಿರುಗಿ, "ಸಾಯಂಕಾಲ ಬಾ. ಬಿಯರ್ ಇದೆ," ಎಂದವನೇ ತುದಿಗಾಲಿನಲ್ಲಿ ಹೋದ.

ಬ್ರೊನೆಕ್ ನಗುತ್ತಿದ್ದ, ಸದ್ದಿಲ್ಲದೆ, ಭುಜ ಮಾತ್ರ ಅಲುಗುತ್ತಿತ್ತು. ನನ್ನ ಹಕ್ಕಿಗಳು ಇನ್ನೂ ಬರಬೇಕಿತ್ತು. ಅವನ ಎರಡೂ ಕೈ ತೊಡೆಯ ಕೆಳಗೇ ಇದ್ದವು.